ಎಕ್ಸ್-ರೇ ಪಟ್ಟಿಯಿಂದ ಕಾಂತೀಯ ಶ್ವೇತ ಕುಬ್ಜದ ಜೋಡಿಯವರೆಗೆ: ಕೊಡಗಿನಲ್ಲಿ ಕೂತು ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದರ್ಶಕದ ಮುಚ್ಚಳ ತೆಗೆಯುವ ಮಾತೇ ಇಲ್ಲ. ಆದರೆ ಎಕ್ಸ್-ರೇ ಪಟ್ಟಿಗಳಿಂದ ಕಾಂತೀಯ ಶ್ವೇತ ಕುಬ್ಜದ ಜೋಡಿಗಳನ್ನು ಪತ್ತೆಹಚ್ಚುವ ಈ ಹುಡುಕಾಟದ ಮುಕ್ಕಾಲು ಪಾಲು ಕೆಲಸಕ್ಕೆ ತಿಳಿಯಾದ ಆಕಾಶ ಬೇಕಿಲ್ಲ. ದತ್ತಾಂಶವೆಲ್ಲ ಸಾರ್ವಜನಿಕ, ತಂತ್ರಾಂಶವೆಲ್ಲ ಉಚಿತ. ಮಳೆ ಜೋರಿರುವ ಕಕ್ಕಡ ತಿಂಗಳಲ್ಲಿ ಒಲೆಯ ಹತ್ತಿರ ಕೂತು ಪಟ್ಟಿ ಸೋಸಿ, ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಆಕಾಶ ನೋಡುವುದು ಇಲ್ಲಿಗೆ ಒಗ್ಗುವ ಕ್ರಮ. ಪುತ್ತರಿ ಹುಣ್ಣಿಮೆಯ ಆಸುಪಾಸಿಗೇ ಬರುವುದರಿಂದ ಆ ವಾರ ಬೆಳದಿಂಗಳು ಜಾಸ್ತಿ. ಅದು ಇಳಿದ ಮೇಲೆ ಕೆಲಸ ಶುರು ಮಾಡಿ.

ಏನನ್ನು ಹುಡುಕುತ್ತಿದ್ದೇವೆ

ಶ್ವೇತ ಕುಬ್ಜವೊಂದು (ಇಂಧನ ಮುಗಿದ ನಕ್ಷತ್ರದ ಸಾಂದ್ರ ತಿರುಳು) ಪಕ್ಕದ ಕೆಂಪು ಕುಬ್ಜದಿಂದ (ಚಿಕ್ಕ, ತಂಪಾದ ನಕ್ಷತ್ರ) ಅನಿಲ ಸೆಳೆದುಕೊಳ್ಳುತ್ತಿರುತ್ತದೆ. ಕಾಂತಕ್ಷೇತ್ರ ದುರ್ಬಲವಾಗಿದ್ದರೆ ಆ ಅನಿಲ ತಟ್ಟೆಯಾಗಿ ಸುತ್ತಿ ನಿಧಾನಕ್ಕೆ ಒಳಗಿಳಿಯುತ್ತದೆ. ಕ್ಷೇತ್ರ 1 ಕೋಟಿ ಗಾಸ್ (ಕಾಂತಕ್ಷೇತ್ರದ ಮಾನ) ದಾಟಿದರೆ ಸಾಮಾನ್ಯವಾಗಿ ತಟ್ಟೆ ಕಟ್ಟುವುದೇ ಇಲ್ಲ. ಅನಿಲ ಕಾಂತರೇಖೆಗಳನ್ನು ಹಿಡಿದು ಸೆಕೆಂಡಿಗೆ ಸುಮಾರು 5000 ಕಿ.ಮೀ. ವೇಗದಲ್ಲಿ ಧ್ರುವದ ಮೇಲೆ ಸುರಿಯುತ್ತದೆ. ಅಲ್ಲಿ ಆಘಾತಕ್ಕೆ ಸಿಕ್ಕಿ ಕೋಟಿಗಟ್ಟಲೆ ಡಿಗ್ರಿಗೆ ಕಾದು ಎಕ್ಸ್-ರೇ ಹೊಮ್ಮಿಸುತ್ತದೆ. ಇಂಥ ಜೋಡಿಗೆ ಪೋಲಾರ್ ಎಂದು ಹೆಸರು. ಇದರಲ್ಲಿ ಶ್ವೇತ ಕುಬ್ಜದ ಸ್ವಂತ ತಿರುಗಾಟವೂ ಜೋಡಿಯ ಪರಿಭ್ರಮಣವೂ ಒಂದೇ ಅವಧಿಗೆ ಕಟ್ಟುಬಿದ್ದಿರುತ್ತವೆ. ಹೆಚ್ಚಿನವುಗಳ ಅವಧಿ 80 ನಿಮಿಷದಿಂದ ಸುಮಾರು 4 ಗಂಟೆ. ಮಾದರಿ ನಕ್ಷತ್ರ ಎಎಂ ಹರ್ಕ್ಯುಲಿಸ್, ಅವಧಿ 3.09 ಗಂಟೆ.

ಕ್ಷೇತ್ರ ಅದಕ್ಕಿಂತ ಕಡಿಮೆ, ಹತ್ತು ಲಕ್ಷದಿಂದ ಒಂದು ಕೋಟಿ ಗಾಸ್ ಆಸುಪಾಸಿನಲ್ಲಿದ್ದರೆ ತಟ್ಟೆಯ ಒಳಭಾಗ ಮಾತ್ರ ಮುರಿಯುತ್ತದೆ, ಶ್ವೇತ ಕುಬ್ಜ ಪರಿಭ್ರಮಣಕ್ಕಿಂತ ಬೇಗ ತಿರುಗುತ್ತದೆ. ಇವು ಇಂಟರ್‌ಮೀಡಿಯೆಟ್ ಪೋಲಾರ್. ಎಫ್‌ಒ ಅಕ್ವೇರಿಯಸ್‌ನಲ್ಲಿ ತಿರುಗುವ ಅವಧಿ 1254 ಸೆಕೆಂಡ್, ಪರಿಭ್ರಮಣ 4.85 ಗಂಟೆ.

ಪೋಲಾರ್‌ಗಳಲ್ಲಿ ನಮಗೆ ಸಾಕ್ಷಿಯಾಗಿ ಸಿಗುವುದು ಮೂರು ಗುಣಗಳು. ಬೆಳಕಿಗೆ ಹೋಲಿಸಿದರೆ ಎಕ್ಸ್-ರೇ ಹೆಚ್ಚು. ಕಾಂತರೇಖೆಗಳ ಸುತ್ತ ಸುತ್ತುವ ಎಲೆಕ್ಟ್ರಾನುಗಳ ಸೈಕ್ಲೋಟ್ರಾನ್ ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಹೋಗದ ಕಾರಣ ಪ್ರತಿ ಸುತ್ತಿಗೂ ಹೊಳಪು ದೊಡ್ಡದಾಗಿ ಏರಿಳಿಯುತ್ತದೆ. ತಟ್ಟೆಯೆಂಬ ಕಣಜ ಇಲ್ಲದ್ದರಿಂದ, ಅನಿಲ ಬರುವುದು ನಿಂತ ಕೂಡಲೇ ನಕ್ಷತ್ರ 2-3 ಮ್ಯಾಗ್ನಿಟ್ಯೂಡ್ (ಹೊಳಪಿನ ಮಾನ; ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಕುಸಿದು ತಿಂಗಳುಗಟ್ಟಲೆ ಮಲಗುತ್ತದೆ. ಇವುಗಳಲ್ಲಿ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಬೇರೆ ಬೇರೆ ದಾರಿಯಿಂದ ಬಂದ ಸಾಕ್ಷಿಗಳು ಒಂದೇ ನಕ್ಷತ್ರದತ್ತ ಬೆರಳು ತೋರಿಸಬೇಕು.

ಬೇಕಾದ ಸಾಮಾನು

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಪಟ್ಟಿಗಳನ್ನು ಹೊಂದಿಸುವ ಟಾಪ್‌ಕ್ಯಾಟ್, ಆಕಾಶದ ಚಿತ್ರ ತೋರಿಸುವ ಅಲಾಡಿನ್, ಪೈಥಾನ್ ಮತ್ತು ಅದರ ಖಗೋಳ ಗ್ರಂಥಾಲಯ ಆಸ್ಟ್ರೋಪೈ. ತೋಟದ ಮನೆಗಳಲ್ಲಿ ನೆಟ್‌ವರ್ಕ್ ಬಂದುಹೋಗಿ ಆಡುತ್ತದೆ. ಅದಕ್ಕೇ ಪೂರ್ತಿ ಪಟ್ಟಿ ಇಳಿಸಲು ಹೋಗಬೇಡಿ, ಬೇಕಾದ ತುಂಡನ್ನಷ್ಟೇ ತರಿಸಿಕೊಳ್ಳಿ. ದೊಡ್ಡ ವಿಚಾರಣೆಗಳನ್ನು ಅಸಿಂಕ್ರೊನಸ್ ವಿಧಾನದಲ್ಲಿ ಕಳಿಸಿದರೆ ಮಧ್ಯೆ ಸಂಪರ್ಕ ಕಡಿದರೂ ಉತ್ತರ ಸರ್ವರ್‌ನಲ್ಲೇ ಕಾದಿರುತ್ತದೆ. ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲಾದ್ದರಿಂದ ಪ್ರತಿ ಹಂತದ ಫಲಿತಾಂಶವನ್ನೂ ಬೇರೆ ಫೈಲಿನಲ್ಲಿ ಉಳಿಸಿ.

ಮೊದಲ ಹಂತ: ಆಕಾಶದ ತುಂಡು ಆರಿಸುವುದು

2019ರ ಜುಲೈ 13ರಂದು ಹಾರಿದ ಎಸ್‌ಆರ್‌ಜಿ ನೌಕೆಯ ಇರೋಸಿಟಾ ಎಕ್ಸ್-ರೇ ದೂರದರ್ಶಕದ ಮೊದಲ ಸಮೀಕ್ಷೆ ಇರಾಸ್-1. ಅದು 2024ರ ಜನವರಿ 31ರಂದು ಸಾರ್ವಜನಿಕವಾಯಿತು. ಸುಮಾರು 9 ಲಕ್ಷ ಮೂಲಗಳಿವೆ, ಆದರೆ ಅರ್ಧ ಆಕಾಶದವು ಮಾತ್ರ: ಗ್ಯಾಲಕ್ಸಿಯ ರೇಖಾಂಶ 180ರಿಂದ 360 ಡಿಗ್ರಿ. ಎಎಂ ಹರ್ಕ್ಯುಲಿಸ್ ಉಳಿದರ್ಧಕ್ಕೆ ಸೇರಿದ್ದು. ಅದನ್ನು ಇಲ್ಲಿ ಹುಡುಕಿ ಸಿಗಲಿಲ್ಲವೆಂದು ವಿಧಾನವನ್ನೇ ಅನುಮಾನಿಸಬೇಡಿ. ಆ ಭಾಗಕ್ಕೆ 1990-91ರ ರೋಸಾಟ್ ಸಮೀಕ್ಷೆಯ 2ಆರ್‌ಎಕ್ಸ್‌ಎಸ್ ಪಟ್ಟಿ, ಎಕ್ಸ್‌ಎಂಎಂ-ನ್ಯೂಟನ್‌ನ 4ಎಕ್ಸ್‌ಎಂಎಂ, ಸ್ವಿಫ್ಟ್‌ನ ಪಟ್ಟಿ ಇವನ್ನು ಬಳಸಿ.

ಕೊಡಗಿನಿಂದ ನೋಡುವವರಿಗೆ ಇದರಿಂದ ಒಂದು ಲಾಭವೂ ಇದೆ. ಆ ಅರ್ಧದಲ್ಲಿರುವ ಮಹಾವ್ಯಾಧ, ಪಪ್ಪಿಸ್, ಹೈಡ್ರಾ, ಸೆಂಟಾರಸ್ ಎಲ್ಲ ಡಿಸೆಂಬರ್‌ನಿಂದ ಮೇವರೆಗೆ ಏರುವವು, ನಮ್ಮ ಒಣ ತಿಂಗಳುಗಳೂ ಹೆಚ್ಚುಕಡಿಮೆ ಅವೇ. ಮೊದಲ ಪ್ರಯತ್ನಕ್ಕೆ ಹೈಡ್ರಾದ ಪಕ್ಕದ ಸೆಕ್ಸ್ಟನ್ಸ್ ಪುಂಜದಲ್ಲಿ ವಿಷುವದಂಶ 10 ಗಂಟೆ, ಘಂಟಾವೃತ್ತಾಂಶ ಮೈನಸ್ 5 ಡಿಗ್ರಿ (ಆಕಾಶದ ರೇಖಾಂಶ, ಅಕ್ಷಾಂಶಗಳಿದ್ದಂತೆ) ಕೇಂದ್ರವಾಗಿಟ್ಟು 10 ಡಿಗ್ರಿ ತ್ರಿಜ್ಯದ ವೃತ್ತ ತೆಗೆದುಕೊಳ್ಳಿ. ಅದು ಸುಮಾರು 313 ಚದರ ಡಿಗ್ರಿ, ಸರಾಸರಿ ಲೆಕ್ಕದಲ್ಲಿ 13 ಸಾವಿರದಷ್ಟು ಮೂಲಗಳು. ಆಕಾಶಗಂಗೆಯ ಪಟ್ಟಿಯಿಂದ ದೂರವಿರುವುದರಿಂದ ನಕ್ಷತ್ರದ ಗುಂಪುಗಾರಿಕೆ ಕಡಿಮೆ, ಜ಼ಡ್‌ಟಿಎಫ್ ಎಂಬ ಸಮೀಕ್ಷೆ (ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ) ನೋಡುವ ಆಕಾಶದ ಒಳಗೂ ಬರುತ್ತದೆ.

ವೈಜ಼ಿಯರ್‌ನಿಂದ (ಖಗೋಳ ಪಟ್ಟಿಗಳ ಜಾಲತಾಣ) ಆ ತುಂಡು ಇಳಿಸಿದ ಮೇಲೆ ಎರಡು ಸೋಸುವಿಕೆ. ಪತ್ತೆಯ ಸಂಭಾವ್ಯತೆ ಸೂಚಿಸುವ ಡೆಟ್-ಲೈಕ್ ಕಾಲಂ 10 ಅಥವಾ ಹೆಚ್ಚಿರಬೇಕು. ಪಟ್ಟಿ 6ರಿಂದಲೇ ಶುರುವಾಗುತ್ತದಾದರೂ ಕೆಳಗಿನ ತುದಿಯಲ್ಲಿ ಜೊಳ್ಳು ಜಾಸ್ತಿ. ಹರಡಿಕೊಂಡ ಮೂಲವೆಂದು ಸೂಚಿಸುವ ಎಕ್ಸ್ಟ್-ಲೈಕ್ ಸೊನ್ನೆ ಇರಬೇಕು. ಇಲ್ಲದಿದ್ದರೆ ಗ್ಯಾಲಕ್ಸಿ ಗೊಂಚಲುಗಳು ನುಸುಳುತ್ತವೆ.

ಎರಡನೇ ಹಂತ: ಗಾಯಾದೊಂದಿಗೆ ಹೊಂದಿಸುವುದು

ಟಾಪ್‌ಕ್ಯಾಟ್‌ನ ಸಿಡಿಎಸ್ ಅಪ್‌ಲೋಡ್ ಎಕ್ಸ್-ಮ್ಯಾಚ್‌ನಲ್ಲಿ ಗಾಯಾ ಡಿಆರ್-3 (ನಕ್ಷತ್ರಗಳ ಸ್ಥಾನ, ದೂರ, ಬಣ್ಣ ಅಳೆದ ಉಪಗ್ರಹದ ಪಟ್ಟಿ) ಆರಿಸಿ, ತ್ರಿಜ್ಯ 8 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಕೊಡಿ. ‘ಬೆಸ್ಟ್’ ಆಯ್ಕೆ ಬೇಡ, ‘ಆಲ್’ ಇಡಿ. ಇರೋಸಿಟಾ ಮೂಲದ ಸ್ಥಾನವೇ ಕೆಲವು ಆರ್ಕ್‌ಸೆಕೆಂಡ್ ಅತ್ತಿತ್ತ ಆಗುವಾಗ, ಹತ್ತಿರದ ನಕ್ಷತ್ರವೇ ಸರಿಯಾದದ್ದು ಎನ್ನಲು ಆಧಾರವಿಲ್ಲ.

ಆಕಸ್ಮಿಕ ಹೊಂದಿಕೆ ಎಷ್ಟೆಂದು ಮೊದಲೇ ಲೆಕ್ಕ ಹಾಕಿ. 8 ಆರ್ಕ್‌ಸೆಕೆಂಡ್ ವೃತ್ತದ ವಿಸ್ತೀರ್ಣ 201 ಚದರ ಆರ್ಕ್‌ಸೆಕೆಂಡ್, ಒಂದು ಚದರ ಡಿಗ್ರಿಯೆಂದರೆ 1.296 ಕೋಟಿ. ಚದರ ಡಿಗ್ರಿಗೆ 5000 ನಕ್ಷತ್ರಗಳಿದ್ದರೆ ಪ್ರತಿ ವೃತ್ತದಲ್ಲೂ ಸುಮ್ಮನೆ ಬಿದ್ದಿರುವ ನಕ್ಷತ್ರ 0.08. ಒಂದು ಲಕ್ಷವಿದ್ದರೆ 1.55. ಆಕಾಶಗಂಗೆಯ ನಡುವೆ ಪ್ರತಿ ಎಕ್ಸ್-ರೇ ಮೂಲಕ್ಕೂ ಸರಾಸರಿ ಒಂದಕ್ಕಿಂತ ಹೆಚ್ಚು ಸುಳ್ಳು ಜೊತೆಗಾರ ಎಂದಾಯಿತು. ಹೊಸಬರು ಅಲ್ಲಿಂದ ಶುರು ಮಾಡಬಾರದು ಎನ್ನುವುದು ಇದಕ್ಕೇ. ಪರೀಕ್ಷೆ ಸುಲಭ: ಎಲ್ಲ ಎಕ್ಸ್-ರೇ ಸ್ಥಾನಗಳನ್ನು 2 ಆರ್ಕ್‌ಮಿನಿಟ್ ಸರಿಸಿ ಮತ್ತೊಮ್ಮೆ ಹೊಂದಿಸಿ. ಆಗ ಸಿಕ್ಕಿದ್ದೆಲ್ಲ ಸುಳ್ಳು. ಅದರ ಎಣಿಕೆಯನ್ನು ನಿಜವಾದ ಹೊಂದಿಕೆಯ ಎಣಿಕೆಯ ಪಕ್ಕ ಬರೆದಿಡಿ.

ರೋಸಾಟ್ ಬಳಸುವವರು ನಕ್ಷತ್ರದ ನಿಜಚಲನೆಯನ್ನೂ ಗಮನಿಸಬೇಕು. ಗಾಯಾ ಸ್ಥಾನಗಳು 2016ಕ್ಕೆ ಸಂಬಂಧಿಸಿದವು. ವರ್ಷಕ್ಕೆ 0.2 ಆರ್ಕ್‌ಸೆಕೆಂಡ್ ಸರಿಯುವ ನಕ್ಷತ್ರ ರೋಸಾಟ್ ಕಾಲದಿಂದ 5 ಆರ್ಕ್‌ಸೆಕೆಂಡ್ ದೂರ ಹೋಗಿರುತ್ತದೆ. ಇರೋಸಿಟಾಗೆ ಈ ತೊಂದರೆ 1 ಆರ್ಕ್‌ಸೆಕೆಂಡ್ ಒಳಗೇ.

ಮೂರನೇ ಹಂತ: ಅನುಪಾತ, ಬಣ್ಣ, ದೂರ

ಇಡೀ ಕೆಲಸದ ಜೀವಾಳ ಇದು. ಗಾಯಾದ ಜಿ ಮ್ಯಾಗ್ನಿಟ್ಯೂಡನ್ನು ಫ್ಲಕ್ಸ್‌ಗೆ (ನಮಗೆ ತಲುಪುವ ಶಕ್ತಿಯ ಪ್ರಮಾಣ) ತಿರುಗಿಸಲು ಸೊನ್ನೆ ಮ್ಯಾಗ್ನಿಟ್ಯೂಡ್‌ಗೆ ಸುಮಾರು 1 × 10⁻⁵ ಅರ್ಗ್/ಸೆಕೆಂಡ್/ಚದರ ಸೆ.ಮೀ. ಎಂದು ಇಟ್ಟುಕೊಂಡು 10ರ (ಮೈನಸ್ 0.4 × ಜಿ) ಘಾತದಿಂದ ಗುಣಿಸಿ. ಎಕ್ಸ್-ರೇ ಫ್ಲಕ್ಸ್ ಪಟ್ಟಿಯಲ್ಲೇ ಇದೆ, 0.2ರಿಂದ 2.3 ಕಿಲೋ ಎಲೆಕ್ಟ್ರಾನ್ ವೋಲ್ಟ್ ವ್ಯಾಪ್ತಿಯದು. ಎಕ್ಸ್-ರೇ ಫ್ಲಕ್ಸನ್ನು ಬೆಳಕಿನ ಫ್ಲಕ್ಸ್‌ನಿಂದ ಭಾಗಿಸಿ, 10ರ ಆಧಾರದ ಲಾಗ್ ತೆಗೆಯಿರಿ. ಈಗ ಗಾಯಾದ ಬಿಪಿ-ಆರ್‌ಪಿ ಬಣ್ಣವನ್ನು (ನೀಲಿ ಮತ್ತು ಕೆಂಪು ಮ್ಯಾಗ್ನಿಟ್ಯೂಡ್‌ಗಳ ವ್ಯತ್ಯಾಸ) ಅಡ್ಡ ಅಕ್ಷದಲ್ಲೂ ಈ ಲಾಗನ್ನು ಲಂಬ ಅಕ್ಷದಲ್ಲೂ ಇಟ್ಟು ಚುಕ್ಕೆ ಹಾಕಿ. ತಮ್ಮ ಹೊರಗಿನ ಬಿಸಿ ವಾತಾವರಣವಾದ ಕರೋನಾದಿಂದ ಎಕ್ಸ್-ರೇ ಸೂಸುವ ಸಾಮಾನ್ಯ ನಕ್ಷತ್ರಗಳು ಒಂದು ಓರೆ ಪಟ್ಟಿಯಾಗಿ ಕೆಳಗೆ ಉಳಿಯುತ್ತವೆ. ಬೇರ್ಪಡಿಸುವ ಗೆರೆ: ಲಾಗ್ ಅನುಪಾತ = ಬಿಪಿ-ಆರ್‌ಪಿ ಮೈನಸ್ 3.5. ಗೆರೆಯ ಮೇಲಿರುವವು ಶ್ವೇತ ಕುಬ್ಜ, ನ್ಯೂಟ್ರಾನ್ ನಕ್ಷತ್ರಗಳಂಥ ಸಾಂದ್ರಕಾಯಗಳ ಮೇಲೆ ಅನಿಲ ಬೀಳುವ ಜೋಡಿಗಳೂ ಕ್ವೇಸಾರ್‌ಗಳೂ (ಬಹುದೂರದ ಗ್ಯಾಲಕ್ಸಿಗಳ ಹೊಳೆಯುವ ಕೇಂದ್ರಗಳು).

ಲೆಕ್ಕ ತಿಳಿಯಲು ಒಂದು ಕಲ್ಪಿತ ಮೂಲ: ಜಿ 18, ಬಣ್ಣ 0.9, ಪ್ಯಾರಲಾಕ್ಸ್ (ದೂರ ಕೊಡುವ ಸಣ್ಣ ಸ್ಥಾನಪಲ್ಲಟ) 5 ಮಿಲಿಆರ್ಕ್‌ಸೆಕೆಂಡ್, ಎಕ್ಸ್-ರೇ ಫ್ಲಕ್ಸ್ 3 × 10⁻¹³. ಬೆಳಕಿನ ಫ್ಲಕ್ಸ್ 6.3 × 10⁻¹³, ಅನುಪಾತದ ಲಾಗ್ ಮೈನಸ್ 0.32. ಆ ಬಣ್ಣಕ್ಕೆ ಗೆರೆ ಇರುವುದು ಮೈನಸ್ 2.6ರಲ್ಲಿ, ಮೂಲ ಅದಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಮೇಲಿದೆ. ದೂರ 200 ಪಾರ್ಸೆಕ್, ಎಕ್ಸ್-ರೇ ತೇಜಸ್ಸು 1.4 × 10³⁰ ಅರ್ಗ್/ಸೆಕೆಂಡ್, ನಿರಪೇಕ್ಷ ಮ್ಯಾಗ್ನಿಟ್ಯೂಡ್ (10 ಪಾರ್ಸೆಕ್ ದೂರದಲ್ಲಿಟ್ಟರೆ ಕಾಣುವ ಹೊಳಪು) 11.5. ಪೋಲಾರ್‌ಗಳ ತೇಜಸ್ಸು 10³⁰ರಿಂದ 10³²ರ ಆಸುಪಾಸು, ಇಂಟರ್‌ಮೀಡಿಯೆಟ್ ಪೋಲಾರ್‌ಗಳದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಈ ಮೂಲ ಮುಂದಿನ ಹಂತಕ್ಕೆ ಅರ್ಹ.

ಕ್ವೇಸಾರ್ ಕಳೆಯಲು ಪ್ಯಾರಲಾಕ್ಸ್ ಅದರ ದೋಷದ 5 ಪಟ್ಟಾದರೂ ಇರಬೇಕೆಂಬ ಷರತ್ತು ಸಾಕು. ಬಣ್ಣದ ಎದುರು ನಿರಪೇಕ್ಷ ಮ್ಯಾಗ್ನಿಟ್ಯೂಡ್ ಇಡುವ ಹರ್ಟ್ಸ್‌ಸ್ಪ್ರಂಗ್-ರಸೆಲ್ ನಕ್ಷೆಯಲ್ಲಿ ನಮ್ಮ ಜೋಡಿಗಳು ಮುಖ್ಯ ಸರಣಿಗೂ ಶ್ವೇತ ಕುಬ್ಜಗಳ ಸಾಲಿಗೂ ನಡುವಿನ ಬಯಲಲ್ಲಿರುತ್ತವೆ, ಎರಡೂ ನಕ್ಷತ್ರಗಳ ಬೆಳಕು ಬೆರೆತಿರುವುದರಿಂದ. ಗಾಯಾದಲ್ಲೇ ಇನ್ನೊಂದು ಸುಳಿವಿದೆ: ಜಿ ವೀಕ್ಷಣೆಗಳ ಸಂಖ್ಯೆಯ ವರ್ಗಮೂಲವನ್ನು ‘ಫ್ಲಕ್ಸ್ ಓವರ್ ಎರರ್’ ಕಾಲಂನಿಂದ ಭಾಗಿಸಿ. 200 ವೀಕ್ಷಣೆ, ಕಾಲಂನಲ್ಲಿ 100 ಇದ್ದರೆ 0.14, ಅಂದರೆ ಹೊಳಪು ಶೇ. 14ರಷ್ಟು ಕುಣಿಯುತ್ತಿದೆ. ಅದೇ ಮ್ಯಾಗ್ನಿಟ್ಯೂಡಿನ ನೆರೆಯ ನಕ್ಷತ್ರಗಳದು ಇದರ ಹತ್ತಿರಕ್ಕೂ ಬರದಿದ್ದರೆ ಅದು ಒಳ್ಳೆಯ ಲಕ್ಷಣ.

ಇಷ್ಟಾದ ಮೇಲೆ ಪಟ್ಟಿ ಸಾವಿರಾರರಿಂದ ಕೆಲವಕ್ಕೆ ಇಳಿದಿರುತ್ತದೆ. ಪ್ರತಿಯೊಂದನ್ನೂ ಅಲಾಡಿನ್‌ನಲ್ಲಿ ಕಣ್ಣಾರೆ ನೋಡಿ. ಪಕ್ಕದಲ್ಲಿ ತುಂಬ ಹೊಳಪಿನ ನಕ್ಷತ್ರವಿದ್ದರೆ ಆ ‘ಎಕ್ಸ್-ರೇ’ ಬರೀ ಬೆಳಕು ಪತ್ತೆಕಾರಕವನ್ನು ಮೋಸಗೊಳಿಸಿದ್ದಿರಬಹುದು. ಆಕಾಶಕಾಯಗಳ ಕೋಶ ಸಿಂಬಾಡ್ ಮತ್ತು ಚರ ನಕ್ಷತ್ರಗಳ ಪಟ್ಟಿ ವಿಎಸ್‌ಎಕ್ಸ್‌ನಲ್ಲಿ ಹೆಸರು ಈಗಾಗಲೇ ಇದೆಯೇ ಎಂದೂ ಈಗಲೇ ನೋಡಿಬಿಡಿ.

ನಾಲ್ಕನೇ ಹಂತ: ಬೆಳಕಿನ ನಕ್ಷೆಯಲ್ಲಿ ಅವಧಿ

ಪಾಲೊಮಾರ್‌ನ 1.2 ಮೀಟರ್ ದೂರದರ್ಶಕ ಬಳಸುವ ಜ಼ಡ್‌ಟಿಎಫ್ 2018ರಿಂದ ಉತ್ತರದ ಆಕಾಶವನ್ನು ಎರಡು-ಮೂರು ದಿನಕ್ಕೊಮ್ಮೆ 30 ಸೆಕೆಂಡಿನ ಚಿತ್ರಗಳಲ್ಲಿ ಸುಮಾರು 20.5 ಮ್ಯಾಗ್ನಿಟ್ಯೂಡ್‌ವರೆಗೆ ಹಿಡಿಯುತ್ತಿದೆ. ಇರ್ಸಾ ಜಾಲತಾಣದಲ್ಲಿ 2 ಆರ್ಕ್‌ಸೆಕೆಂಡ್ ತ್ರಿಜ್ಯ ಕೊಟ್ಟು ಬೆಳಕಿನ ನಕ್ಷೆ (ಕಾಲದೊಂದಿಗೆ ಹೊಳಪಿನ ಏರಿಳಿತ) ಇಳಿಸಿ. ಕ್ಯಾಟ್‌ಫ್ಲ್ಯಾಗ್ಸ್ 32768ಕ್ಕಿಂತ ಕಡಿಮೆ ಇರುವ ಬಿಂದುಗಳನ್ನಷ್ಟೇ ಇಟ್ಟುಕೊಳ್ಳಿ. ಉಳಿದವು ಮೋಡ, ಬೆಳದಿಂಗಳು, ಕೆಟ್ಟ ಪಿಕ್ಸೆಲ್‌ಗಳ ಕೃಪೆ. ಒಂದೇ ನಕ್ಷತ್ರಕ್ಕೆ ಜಿ, ಆರ್, ಐ ಶೋಧಕಗಳಲ್ಲೂ ಬೇರೆ ಬೇರೆ ಚೌಕಗಳಲ್ಲೂ ಹಲವು ಗುರುತು ಸಂಖ್ಯೆಗಳಿರುತ್ತವೆ, ಎಲ್ಲವನ್ನೂ ಸೇರಿಸಿ.

ಮೊದಲು ಅವಧಿ ಹುಡುಕಬೇಡಿ. ವರ್ಷಗಳ ನಕ್ಷೆಯನ್ನು ಸುಮ್ಮನೆ ನೋಡಿ. ಏರಿದ ಸ್ಥಿತಿ, ಕುಸಿದ ಸ್ಥಿತಿ ಎಂದು ಎರಡು ಮಟ್ಟ ಕಾಣುತ್ತಿದ್ದು, ಕುಬ್ಜ ನೋವಾಗಳಂತೆ ಕೆಲವು ದಿನಗಳ ಉಕ್ಕುವಿಕೆ ಇಲ್ಲದಿದ್ದರೆ ಪೋಲಾರ್ ಎನ್ನುವ ಅನುಮಾನ ಬಲವಾಗುತ್ತದೆ. ವಿವೈ ಸ್ಕಲ್ಪ್ಟೋರಿಸ್ ಬಗೆಯ, ತಟ್ಟೆ ಇರುವ ಜೋಡಿಗಳೂ ಹೀಗೆ ಕುಸಿಯುತ್ತವೆ ಎನ್ನುವುದನ್ನು ಮರೆಯಬೇಡಿ. ಅವುಗಳ ಅವಧಿ ಹೆಚ್ಚಾಗಿ 3-4 ಗಂಟೆ. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಿದ ಮೇಲೆಯೇ ಅವಧಿಯ ಹುಡುಕಾಟ. 2 ಮ್ಯಾಗ್ನಿಟ್ಯೂಡಿನ ಕುಸಿತವನ್ನು ಹಾಗೇ ಬಿಟ್ಟರೆ ಅರ್ಧ ಮ್ಯಾಗ್ನಿಟ್ಯೂಡಿನ ಸುತ್ತು ಅದರಲ್ಲಿ ಮುಳುಗಿಹೋಗುತ್ತದೆ.

ಅವಧಿ ಹುಡುಕುವ ಲಾಂಬ್-ಸ್ಕಾರ್ಗಲ್ ವಿಧಾನಕ್ಕೆ ದಿನಕ್ಕೆ 2.4ರಿಂದ 20.6 ಸುತ್ತು, ಅಂದರೆ 10 ಗಂಟೆಯಿಂದ 70 ನಿಮಿಷದ ವ್ಯಾಪ್ತಿ ಕೊಡಿ. 2000 ದಿನಗಳ ದತ್ತಾಂಶಕ್ಕೆ ಆವರ್ತಾಂಕದ ಹೆಜ್ಜೆ 0.0001 ಇರಲಿ, 1.82 ಲಕ್ಷ ಹೆಜ್ಜೆಗಳಾಗುತ್ತವೆ. ಇದಕ್ಕಿಂತ ಒರಟಾದರೆ ನಿಜವಾದ ಶಿಖರ ಎರಡು ಹೆಜ್ಜೆಗಳ ನಡುವೆ ಜಾರಿಹೋಗುತ್ತದೆ. ಕಾಲವನ್ನು ಸೂರ್ಯಕೇಂದ್ರಕ್ಕೆ ತಿದ್ದಿದ ಎಚ್‌ಜೆಡಿ ಕಾಲಂನಿಂದಲೇ ತೆಗೆದುಕೊಳ್ಳಿ. ಭೂಮಿಯ ಪರಿಭ್ರಮಣದಿಂದ ಬೆಳಕು 8 ನಿಮಿಷದವರೆಗೆ ಹಿಂದುಮುಂದಾಗುತ್ತದೆ, 90 ನಿಮಿಷದ ಅವಧಿಗೆ ಅದು ಶೇ. 9ರ ಮಸುಕು.

ಅಭ್ಯಾಸಕ್ಕೆ ಗೊತ್ತಿರುವ ಪೋಲಾರ್ ವಿವಿ ಪಪ್ಪಿಸ್ ತೆಗೆದುಕೊಳ್ಳಿ. ಅದು ಇರಾಸ್-1ರ ಅರ್ಧದಲ್ಲೂ ಇದೆ, ಜ಼ಡ್‌ಟಿಎಫ್ ವ್ಯಾಪ್ತಿಯಲ್ಲೂ ಇದೆ. ಅವಧಿ 100.4 ನಿಮಿಷ, ದಿನಕ್ಕೆ 14.34 ಸುತ್ತು. ನಿಮ್ಮ ಲೆಕ್ಕ ಆ ಸಂಖ್ಯೆಗೆ ಬರುವವರೆಗೆ ಹೊಸ ನಕ್ಷತ್ರ ಮುಟ್ಟಬೇಡಿ.

ತಪ್ಪುಗಳು ಹೆಚ್ಚಾಗಿ ಎರಡು ಬಗೆ. ಒಂದು, ಅರ್ಧ ಅವಧಿ: ಎರಡು ಧ್ರುವಗಳೂ ಹೊಳೆಯುವ ಪೋಲಾರ್ ಒಂದು ಸುತ್ತಿನಲ್ಲಿ ಎರಡು ಉಬ್ಬು ತೋರಿಸುತ್ತದೆ, ಯಂತ್ರ ಅದನ್ನು ಅರ್ಧಕ್ಕೆ ಮಡಿಸುತ್ತದೆ. ದುಪ್ಪಟ್ಟು ಅವಧಿಯಲ್ಲಿ ಮಡಿಸಿ, ಎರಡು ಉಬ್ಬುಗಳ ಎತ್ತರ ಬೇರೆಯಿದೆಯೇ ನೋಡಿ. ಇದೇ ಬಲೆಗೆ ಸ್ಪರ್ಶ ಜೋಡಿಗಳೂ (ಒಂದಕ್ಕೊಂದು ತಾಗಿ ಸುತ್ತುವ ನಕ್ಷತ್ರಗಳು) ಬೀಳಿಸುತ್ತವೆ. 5.5 ಗಂಟೆಯ ಡಬ್ಲ್ಯು ಅರ್ಸಾ ಮೇಜರಿಸ್ ಬಗೆಯ ಜೋಡಿ ಯಂತ್ರಕ್ಕೆ 2.75 ಗಂಟೆಯದಾಗಿ ಕಾಣುತ್ತದೆ, ಎಕ್ಸ್-ರೇ ಕೂಡ ಸೂಸುತ್ತದೆ. ಮುಖ್ಯ ಸರಣಿಯ ಮೇಲೇ ಕೂತಿರುವುದರಿಂದ ಮೂರನೇ ಹಂತದಲ್ಲೇ ಅದು ಸಿಕ್ಕಿಬೀಳಬೇಕಿತ್ತು. ಇನ್ನೊಂದು, ದಿನದ ಅಲಿಯಾಸ್ (ಸುಳ್ಳು ಶಿಖರ): ಒಂದೇ ಜಾಗದಿಂದ ರಾತ್ರಿ ಮಾತ್ರ ನೋಡುವುದರಿಂದ 14.5ರ ಪಕ್ಕ 13.5, 15.5ರಲ್ಲೂ ಶಿಖರಗಳೇಳುತ್ತವೆ. ಕೆಲವೊಮ್ಮೆ ಸುಳ್ಳು ಶಿಖರವೇ ಎತ್ತರ.

ಇಂಟರ್‌ಮೀಡಿಯೆಟ್ ಪೋಲಾರ್‌ನ ವೇಗದ ತಿರುಗಾಟ ಇಷ್ಟು ವಿರಳ ಬಿಂದುಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ ಟೆಸ್ ಉಪಗ್ರಹದ ನಿರಂತರ ದತ್ತಾಂಶ ನೋಡಿ. ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಅಗಲವಾದ್ದರಿಂದ ನೆರೆಯ ನಕ್ಷತ್ರದ ಬೆಳಕೂ ಸೇರಿರುತ್ತದೆ. ತಿರುಗುವ ಅವಧಿ, ಪರಿಭ್ರಮಣ, ಅವೆರಡರ ಬಡಿತ ಮೂರೂ ತಾಳೆಯಾಗಬೇಕು: ಎಫ್‌ಒ ಅಕ್ವೇರಿಯಸ್‌ನಲ್ಲಿ 1254 ಸೆಕೆಂಡಿನ ವಿಲೋಮದಿಂದ 4.85 ಗಂಟೆಯ ವಿಲೋಮ ಕಳೆದರೆ ಬರುವ ಬಡಿತ 1351 ಸೆಕೆಂಡ್, ಅಷ್ಟೇ ಕಾಣುವುದೂ ಹೌದು. ಎಕ್ಸ್-ರೇಯಲ್ಲೇ ಅವಧಿ ಹುಡುಕೋಣವೆಂದರೆ ಇರೋಸಿಟಾ 4 ಗಂಟೆಗೊಮ್ಮೆ ಗರಿಷ್ಠ 40 ಸೆಕೆಂಡ್ ಮಾತ್ರ ಒಂದು ಮೂಲದ ಮೇಲೆ ಹಾಯುತ್ತದೆ, ಸಾಲದು.

ಎಕ್ಸ್-ರೇ ಕಾಣಲಿಲ್ಲವೆಂದು ಒಂದು ನಕ್ಷತ್ರವನ್ನು ಪೂರ್ತಿ ಕೈಬಿಡಬೇಡಿ. ಇಎಫ್ ಎರಿಡಾನಿ ಎಂಬ ಪೋಲಾರ್ 1997ರಲ್ಲಿ ಮಲಗಿದ್ದು ಎದ್ದದ್ದು 2022ರ ಕೊನೆಗೆ. ಇರೋಸಿಟಾ ನೋಡಿದ ದಿನ ನಿಮ್ಮ ನಕ್ಷತ್ರವೂ ನಿದ್ದೆಯಲ್ಲಿದ್ದಿರಬಹುದು.

ಐದನೇ ಹಂತ: ರೋಹಿತ

ಖಚಿತ ತೀರ್ಪು ರೋಹಿತದ್ದು, ಅಂದರೆ ತರಂಗಾಂತರಗಳಾಗಿ ಬಿಡಿಸಿದ ಬೆಳಕಿನದ್ದು. ಎಸ್‌ಡಿಎಸ್‌ಎಸ್, ಲಾಮಾಸ್ಟ್, ಡೆಸಿ ಸಾರ್ವಜನಿಕ ಸಂಗ್ರಹಗಳಲ್ಲಿ ಅದು ಈಗಾಗಲೇ ಇದ್ದರೂ ಇರಬಹುದು. ಹೈಡ್ರೋಜನ್ನಿನ ಉತ್ಸರ್ಜನ ರೇಖೆಗಳ ಜೊತೆ 4686 ಆಂಗ್‌ಸ್ಟ್ರಾಂನಲ್ಲಿ ಅಯಾನೀಕೃತ ಹೀಲಿಯಂ ರೇಖೆ ಬಲವಾಗಿರಬೇಕು. ಹೀಲಿಯಂ ರೇಖೆಯ ಸಮತುಲ್ಯ ಅಗಲ (ರೇಖೆಯ ಬಲದ ಅಳತೆ) ಹೈಡ್ರೋಜನ್ನಿನ ಎಚ್-ಬೀಟಾ ರೇಖೆಯ 0.4 ಪಟ್ಟು ಮೀರಿ, ಎಚ್-ಬೀಟಾದ್ದೇ 20 ಆಂಗ್‌ಸ್ಟ್ರಾಂ ದಾಟಿದ್ದರೆ ಕಾಂತೀಯವೆನ್ನಲು ಒಳ್ಳೆಯ ಆಧಾರ. ಕೆಂಪು ಭಾಗದಲ್ಲಿ ಅಗಲ ದಿಬ್ಬಗಳಿದ್ದರೆ ಅವು ಸೈಕ್ಲೋಟ್ರಾನ್ ಹಾರ್ಮೋನಿಕ್‌ಗಳು. ದಿಬ್ಬಗಳು 7140 ಮತ್ತು 5950 ಆಂಗ್‌ಸ್ಟ್ರಾಂನಲ್ಲಿವೆ ಎನ್ನಿ: ವಿಲೋಮಗಳ ವ್ಯತ್ಯಾಸದ ವಿಲೋಮ 35,700 ಆಂಗ್‌ಸ್ಟ್ರಾಂ, ಅದು ಮೂಲ ತರಂಗಾಂತರ. 10 ಕೋಟಿ ಗಾಸ್‌ಗೆ ಆ ಮೂಲ 10,700 ಆದ್ದರಿಂದ ಇಲ್ಲಿನ ಕ್ಷೇತ್ರ 3 ಕೋಟಿ ಗಾಸ್. ಇಷ್ಟು ದೂರದ ಕಾಯದ ಕಾಂತಕ್ಷೇತ್ರ ಒಂದು ಭಾಗಾಕಾರದಲ್ಲಿ ಕೈಗೆ ಬರುವುದು ನಿಜಕ್ಕೂ ಸೋಜಿಗ.

ಹೊಸ ರೋಹಿತ ಬೇಕಾದರೆ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ ಸಮಯ ಕೋರಿ ಪ್ರಸ್ತಾವ ಹಾಕುವವರೊಬ್ಬರ ಜೊತೆ ಸೇರಬೇಕು. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ನಿಯಂತ್ರಣ ಹೊಸಕೋಟೆಯಿಂದ. ಹೋಗುವಾಗ ಅಲ್ಲಿಯವರೆಗಿನ ನಾಲ್ಕೂ ಹಂತಗಳ ನಕ್ಷೆಗಳು ಕೈಯಲ್ಲಿರಲಿ.

ಆರನೇ ಹಂತ: ಕಾಫಿ ಕಣದ ಮೇಲಿಂದ

16ನೇ ಮ್ಯಾಗ್ನಿಟ್ಯೂಡಿಗಿಂತ ಹೆಚ್ಚು ಹೊಳೆಯುವ ನಕ್ಷತ್ರಕ್ಕೆ 8 ಇಂಚಿನ ದೂರದರ್ಶಕ ಮತ್ತು ಸಿಮಾಸ್ ಕ್ಯಾಮೆರಾ ಸಾಕು. ನೆರಳಿನ ಮರಗಳ ನಡುವೆ ತೋಟದಲ್ಲಿ ಆಕಾಶ ಸಿಗುವುದಿಲ್ಲ, ಕಾಫಿ ಒಣಗಿಸುವ ಕಣವೇ ಸರಿಯಾದ ಜಾಗ. ಕೊಯ್ಲಿನ ಸಮಯದಲ್ಲಿ ಹರವಿದ ಕಾಫಿಗೆ ಅಡ್ಡಿಯಾಗದಂತೆ ಮೂಲೆ ಹಿಡಿಯಿರಿ. ಸಿಮೆಂಟ್ ಕಣ ಹಗಲಿನ ಬಿಸಿಯನ್ನು ಹೊತ್ತು ಮುಳುಗಿದ ಮೇಲೂ ಬಿಡುತ್ತಿರುತ್ತದೆ, ಹಾಗಾಗಿ ಮೊದಲ ಕೆಲವು ಗಂಟೆ ನಕ್ಷತ್ರಗಳು ಕುದಿಯುತ್ತವೆ. ಮಸೂರಕ್ಕೆ ಇಬ್ಬನಿ ಬೀಳದಂತೆ ಹೀಟರ್ ಪಟ್ಟಿ ಕಡ್ಡಾಯ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಮಾರ್ಚ್-ಏಪ್ರಿಲ್‌ನ ಹೂಮಳೆ ಧೂಳು ತೊಳೆದ ಮರುದಿನದ ರಾತ್ರಿಗಳು ಬಹಳ ತಿಳಿ. ಗುಡುಗು ಕೇಳಿದರೆ ಎಲ್ಲ ವಯರ್ ಕಳಚಿ. ಆನೆ ಓಡಾಡುವ ಕಡೆ ರಾತ್ರಿ ಒಬ್ಬರೇ ಹೊರಗೆ ನಿಲ್ಲಬೇಡಿ, ಮನೆಗೆ ಅಂಟಿದ ಕಣವಾದರೆ ಮಾತ್ರ ಕೆಲಸ ಮಾಡಿ.

ಲ್ಯಾಪ್‌ಟಾಪ್ ಗಡಿಯಾರವನ್ನು ಅಂತರ್ಜಾಲದ ಕಾಲಕ್ಕೆ ಹೊಂದಿಸಿ, ಫೈಲಿನಲ್ಲಿ ಅಂತರರಾಷ್ಟ್ರೀಯ ಕಾಲ ಬರೆಸಿ. ಐದೂವರೆ ಗಂಟೆ ಕಳೆಯಲು ಮರೆತರೆ ನಕ್ಷತ್ರ ಸುತ್ತಿನ ಯಾವ ಭಾಗದಲ್ಲಿದೆ ಎನ್ನುವ ಲೆಕ್ಕ, ಅಂದರೆ ಫೇಸ್, ಪೂರ್ತಿ ತಪ್ಪು. ಶೋಧಕವಿಲ್ಲದೆ 60 ಸೆಕೆಂಡಿನ ಚಿತ್ರಗಳು, ಕನಿಷ್ಠ ಎರಡು ಪೂರ್ತಿ ಸುತ್ತು: 100 ನಿಮಿಷದ ಅವಧಿಗೆ ಮೂರೂವರೆ ಗಂಟೆ. ಹೋಲಿಕೆಗೆ ಬಣ್ಣ ಹತ್ತಿರವಿರುವ ನಕ್ಷತ್ರ ಆರಿಸಿ, ಇಲ್ಲದಿದ್ದರೆ ನಕ್ಷತ್ರ ಇಳಿದಂತೆ ಸುಳ್ಳು ಓರೆ ಬರುತ್ತದೆ. ಕೈ ಪಳಗಿಸಲು ಅಕ್ಟೋಬರ್-ನವೆಂಬರ್‌ನಲ್ಲಿ ಎಫ್‌ಒ ಅಕ್ವೇರಿಯಸ್, ಮಾರ್ಚ್‌ನಿಂದ ಇಎಕ್ಸ್ ಹೈಡ್ರೇ. ಎಎಂ ಹರ್ಕ್ಯುಲಿಸ್ ನಡುರಾತ್ರಿ ಗರಿಷ್ಠ ಎತ್ತರಕ್ಕೆ ಬರುವುದು ಮಳೆಗಾಲದಲ್ಲೇ, ಅದನ್ನು ಏಪ್ರಿಲ್‌ನ ಬೆಳಗಿನ ಜಾವ ಹಿಡಿಯಬೇಕು.

ಇಷ್ಟು ಚಿಕ್ಕ ದೂರದರ್ಶಕದ ಒಂದು ರಾತ್ರಿಗೆ ನಿಜವಾದ ಬೆಲೆ ಬರುವುದು ಅಲಿಯಾಸ್ ಬಿಡಿಸುವಲ್ಲಿ. ಪಾಲೊಮಾರ್‌ನಿಂದ ನೋಡಿದಾಗ 13.5, 14.5, 15.5 ಮೂರೂ ಆವರ್ತಾಂಕಗಳು ಒಂದೇ ಫೇಸ್ ಹೇಳುತ್ತವೆ, ಏಕೆಂದರೆ ಅಲ್ಲಿ ರಾತ್ರಿ ಬರುವುದು ದಿನಕ್ಕೊಮ್ಮೆ. ಕೊಡಗು ಅಲ್ಲಿಂದ ರೇಖಾಂಶದಲ್ಲಿ ಸುಮಾರು 193 ಡಿಗ್ರಿ ದೂರ, ಅಂದರೆ ಅರ್ಧ ದಿನಕ್ಕೆ ತುಸು ಹೆಚ್ಚು. ದಿನಕ್ಕೆ ಒಂದು ಸುತ್ತಿನ ವ್ಯತ್ಯಾಸ ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಸುತ್ತಿನ ವ್ಯತ್ಯಾಸವಾಗುತ್ತದೆ. ಸರಿಯಾದ ಅವಧಿ ಹೊಳಪು ಏರುವುದೆಂದು ಹೇಳುವ ಹೊತ್ತಿಗೆ ಸುಳ್ಳು ಅವಧಿ ಇಳಿಯುವುದೆಂದು ಹೇಳುತ್ತದೆ. ಜ಼ಡ್‌ಟಿಎಫ್‌ನಿಂದ ಸಿಕ್ಕ ಆವರ್ತಾಂಕದ ದೋಷ ದಿನಕ್ಕೆ 0.00005 ಸುತ್ತು ಎಂದುಕೊಂಡರೂ ವರ್ಷದ ಮೇಲೆ ಫೇಸ್ ಶೇ. 2ರಷ್ಟೇ ತಪ್ಪುತ್ತದೆ, ಹಾಗಾಗಿ ದಿನಕ್ಕೆ ಒಂದು ಸುತ್ತಿನ ವ್ಯತ್ಯಾಸವಿರುವ ಅವಧಿಗಳ ನಡುವೆ ತೀರ್ಪಿನಲ್ಲಿ ಗೊಂದಲವಿಲ್ಲ. ಮೂರು ಮುನ್ಸೂಚನೆಗಳನ್ನು ಕಾಗದದ ಮೇಲೆ ಮೊದಲೇ ಬರೆದಿಟ್ಟುಕೊಂಡು ಆಮೇಲೆ ವೀಕ್ಷಣೆ ಮಾಡಿ. ಯಾವುದು ತಾಳೆಯಾಯಿತೋ ಆ ಅವಧಿಯನ್ನು, ಶೂನ್ಯ ಫೇಸ್‌ನ ಕಾಲ ಮತ್ತು ದೋಷದ ಸಮೇತ, ವಿಎಸ್‌ಎಕ್ಸ್‌ಗೆ ಸಲ್ಲಿಸಿ. ರೋಹಿತ ಸಿಗುವವರೆಗೆ ಬಗೆಯ ಮುಂದೆ ಅನಿಶ್ಚಿತ ಎಂಬ ಗುರುತು ಇರಲಿ.